ಇಲ್ಯಾ ಮೆಚ್ನಿಕೋವ್

ಇಲ್ಯಾ ಇಲಿಚ್ ಮೆಚ್ನಿಕೋವ್ (1845–1916) ರಷ್ಯನ್ ಸಾಮ್ರಾಜ್ಯದಲ್ಲಿ ಜನಿಸಿದ ಪ್ರಾಣಿವಿಜ್ಞಾನಿ. ಶರೀರವನ್ನು ಹೊಕ್ಕ ರೋಗಾಣುಗಳನ್ನು ಕೆಲವು ಜೀವಕೋಶಗಳು ನುಂಗಿ ಅರಗಿಸುತ್ತವೆ ಎಂದು ತೋರಿಸಿಕೊಟ್ಟವರು. 1908ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಪಾಲ್ ಎರ್ಲಿಕ್ ಅವರೊಡನೆ ಹಂಚಿಕೊಂಡ ಇವರು ವೈದ್ಯರಾಗಿರಲಿಲ್ಲ ಎಂಬುದು ಗಮನಾರ್ಹ.

ಆರಂಭಿಕ ಜೀವನ

ಮೆಚ್ನಿಕೋವ್ ಹುಟ್ಟಿದ್ದು ಈಗಿನ ಉಕ್ರೇನಿನ ಖಾರ್ಕಿವ್ ನಗರದ ಸಮೀಪದ ಹಳ್ಳಿಯೊಂದರಲ್ಲಿ. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಮುಂದೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. ಮೊದಲ ಪತ್ನಿ ಲ್ಯುಡ್ಮಿಲಾ ಕ್ಷಯರೋಗಿಯಾಗಿದ್ದರು. 1869ರಲ್ಲಿ ಮದುವೆಯ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತೊಯ್ಯಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಮೆಚ್ನಿಕೋವ್ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದರು. ಎರಡನೆಯ ಪತ್ನಿ ಓಲ್ಗಾ ವಿಷಮಶೀತಜ್ವರಕ್ಕೆ ತುತ್ತಾದ ನಂತರ ಮತ್ತೆ ಖಿನ್ನರಾಗಿ, ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ತೀವ್ರ ಕಾಯಿಲೆಯಿಂದ ನರಳಿ ಚೇತರಿಸಿಕೊಂಡರು. ರೋಗವನ್ನು ಶರೀರ ಹೇಗೆ ಎದುರಿಸುತ್ತದೆ ಎಂಬ ಪ್ರಶ್ನೆ ಅವರಿಗೆ ಕೇವಲ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಮೆಸ್ಸಿನಾದ ಪ್ರಯೋಗ

1882ರಲ್ಲಿ ಒಡೆಸ್ಸಾದ ಹುದ್ದೆಗೆ ರಾಜೀನಾಮೆಯಿತ್ತು ಕುಟುಂಬದೊಡನೆ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ತೆರಳಿದರು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗಳೊಳಗೆ ಅಲೆದಾಡುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ವೀಕ್ಷಿಸುತ್ತಿದ್ದ ಅವರಿಗೆ, ಈ ಕೋಶಗಳೇ ದೇಹದ ಕಾವಲುಗಾರರಾಗಿರಬಹುದೆಂದು ಹೊಳೆಯಿತು. ತೋಟದ ಗುಲಾಬಿ ಮುಳ್ಳುಗಳನ್ನು ತಂದು ಲಾರ್ವಾಗಳ ಚರ್ಮದಡಿಗೆ ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಸುತ್ತುಗಟ್ಟಿದ್ದವು.

ಈ ಲಾರ್ವಾಗಳಿಗೆ ರಕ್ತನಾಳಗಳಿಲ್ಲ. ಆದುದರಿಂದ ಕೋಶಗಳು ರಕ್ತದೊಡನೆ ಹರಿದುಬಂದವಲ್ಲ, ತಾವಾಗಿಯೇ ಚಲಿಸಿ ಬಂದವು ಎಂಬುದು ಸ್ಪಷ್ಟವಾಯಿತು. ಬಿಳಿ ರಕ್ತಕಣಗಳೊಳಗೆ ರೋಗಾಣುಗಳಿರುವುದನ್ನು ಅದಕ್ಕೂ ಮೊದಲು ಹಲವರು ಕಂಡಿದ್ದರು. ಆದರೆ ಕಣಗಳು ಸೋಂಕನ್ನು ದೇಹದೆಲ್ಲೆಡೆ ಹೊತ್ತು ಹರಡುತ್ತವೆ ಎಂದೇ ಹೆಚ್ಚಿನವರು ಭಾವಿಸಿದ್ದರು. ಕಂಡದ್ದು ಒಂದೇ, ಅರ್ಥ ಮಾತ್ರ ತಲೆಕೆಳಗಾಯಿತು. ವಿಯೆನ್ನಾದ ಕಾರ್ಲ್ ಕ್ಲಾಸ್ ಅವರ ಸಲಹೆಯಂತೆ ಇವುಗಳಿಗೆ ಗ್ರೀಕ್ ಮೂಲದ ‘ಫ್ಯಾಗೋಸೈಟ್’, ಅಂದರೆ ಭಕ್ಷಕ ಕೋಶ, ಎಂಬ ಹೆಸರು ಬಂತು. 1884ರಲ್ಲಿ ನೀರುಚಿಗಟವೆಂಬ ಸೂಕ್ಷ್ಮ ಜಲಚರದಲ್ಲಿ ಭಕ್ಷಕ ಕೋಶಗಳಿಗೂ ಯೀಸ್ಟ್ ಬೀಜಕಗಳಿಗೂ ನಡೆಯುವ ಹೋರಾಟವನ್ನು ವಿವರಿಸಿದರು: ಕೋಶಗಳು ಗೆದ್ದರೆ ಪ್ರಾಣಿ ಉಳಿಯುತ್ತಿತ್ತು, ಸೋತರೆ ಸಾಯುತ್ತಿತ್ತು.

ಪ್ಯಾರಿಸ್ ಮತ್ತು ವಿವಾದ

1888ರಲ್ಲಿ ಲೂಯಿ ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಅವರಿಗೆ ಪ್ರಯೋಗಾಲಯ ನೀಡಿದರು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ, ರಕ್ತದ ಸೀರಮ್ಮಿನಲ್ಲಿ ರೋಗವಿಷವನ್ನು ನಿಷ್ಕ್ರಿಯಗೊಳಿಸುವ ಗುಣವಿದೆಯೆಂದು ತೋರಿಸಿದ ಬಳಿಕ, ರಕ್ಷಣೆ ನೀಡುವುದು ದ್ರವವೇ ಹೊರತು ಕೋಶವಲ್ಲ ಎಂಬ ವಾದ ಜರ್ಮನಿಯಲ್ಲಿ ಬಲಗೊಂಡಿತು. ಮೆಚ್ನಿಕೋವ್ ವರ್ಷಗಟ್ಟಲೆ ಹಟದಿಂದಲೇ ಪ್ರತಿವಾದ ಹೂಡಿದರು. ಸೀರಮ್ಮಿನ ಅಂಶಗಳು ರೋಗಾಣುವಿಗೆ ಅಂಟಿಕೊಂಡಾಗ ಕೋಶಗಳು ಅದನ್ನು ಸುಲಭವಾಗಿ ನುಂಗುತ್ತವೆಂದು 1903ರಲ್ಲಿ ಇಂಗ್ಲೆಂಡಿನ ಆಲ್ಮ್ರೋತ್ ರೈಟ್ ತೋರಿಸಿದ್ದು ಎರಡೂ ಪಕ್ಷಗಳನ್ನು ಹತ್ತಿರ ತಂದಿತು.

ಮೆಚ್ನಿಕೋವ್ ಈ ಕೋಶಗಳನ್ನು ಕಿರಿಯ ಮತ್ತು ಹಿರಿಯ ಭಕ್ಷಕಗಳೆಂದು ವಿಂಗಡಿಸಿದರು. ಕಿರಿಯವನ್ನು ಇಂದು ಮುಖ್ಯವಾಗಿ ನ್ಯೂಟ್ರೋಫಿಲ್ ಎನ್ನಲಾಗುತ್ತದೆ. ಈ ಹೆಸರಿಗೆ ಆಧಾರ, ಬಣ್ಣಹಚ್ಚಿ ಬಿಳಿ ರಕ್ತಕಣಗಳನ್ನು ಗುರುತಿಸುವ ಎರ್ಲಿಕ್ ಅವರ ವಿಧಾನ. ಹಿರಿಯವಕ್ಕೆ ಮೆಚ್ನಿಕೋವ್ ಇಟ್ಟ ‘ಮ್ಯಾಕ್ರೋಫೇಜ್’ ಎಂಬ ಹೆಸರೇ ಉಳಿದಿದೆ. ಇವುಗಳಲ್ಲಿ ಕೆಲವು ಮೂಳೆಮಜ್ಜೆಯಲ್ಲಿ ಹುಟ್ಟಿದ ಮೋನೋಸೈಟುಗಳಿಂದ ಬೆಳೆಯುತ್ತವೆ. ಇನ್ನು ಕೆಲವು ಭ್ರೂಣಾವಸ್ಥೆಯಲ್ಲೇ ಅಂಗಾಂಶಗಳಲ್ಲಿ ನೆಲೆಸುತ್ತವೆಂಬುದು ಬಹುಕಾಲದ ನಂತರ ತಿಳಿದುಬಂತು.

ಕೊನೆಯ ವರ್ಷಗಳು

ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ವಿಷವೇ ಮುಪ್ಪಿಗೆ ಕಾರಣವೆಂದು ನಂಬಿ, ಹುಳಿ ಹಾಲಿನ ಸೇವನೆಯನ್ನು ಪ್ರತಿಪಾದಿಸಿದರು. ಆ ಸಿದ್ಧಾಂತ ನಿಲ್ಲಲಿಲ್ಲವಾದರೂ ಯುರೋಪಿನಲ್ಲಿ ಮೊಸರಿನ ಬಳಕೆ ಹಬ್ಬಿತು. ಮೊಸರನ್ನ ಉಣ್ಣುವ ನಾಡಿಗೆ ಈ ಉಪದೇಶದ ಅಗತ್ಯವಿರಲಿಲ್ಲವೆನ್ನಬಹುದು. 1916ರ ಜುಲೈ ತಿಂಗಳಲ್ಲಿ ಹೃದ್ರೋಗದಿಂದ ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು.