ಎಡವಟ್ಟನ್ನೂ ಆಟವಾಗಿಸಿದ ಮೋಲಿಯೇರ್

ನಾಟಕಕ್ಕೆ ಸಿನಿಮಾದಂತೆ ಎರಡನೇ ಟೇಕ್ ಇಲ್ಲ. ದುಶ್ಯಾಸನನ ಮೀಸೆ ಕಳಚಿ ಬೀಳಬಹುದು, ಪರದೆ ಅರ್ಧಕ್ಕೇ ಸಿಕ್ಕಿಕೊಳ್ಳಬಹುದು, ಸತ್ತು ಮಲಗಿದವನಿಗೆ ಸೀನು ಬರಬಹುದು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಇಂಥದ್ದನ್ನು ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಈ ಸಂಚಿಕೆಯ ಓದುಗರಲ್ಲಿ ಬಹಳ ಮಂದಿ ಇದ್ದಾರು. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಿ ಎಂದಾಗ ನಾನು ಆರಿಸಿಕೊಂಡದ್ದು ಇಂಥ ಎಡವಟ್ಟುಗಳ ನಡುವೆಯೇ ಬದುಕಿ, ಕೊನೆಗೆ ನಾಟಕದ ನಡುವೆಯೇ ಕುಸಿದ ಫ್ರಾನ್ಸಿನ ಹಾಸ್ಯ ನಾಟಕಕಾರ ಮೋಲಿಯೇರನನ್ನು.

ಅವನ ನಿಜವಾದ ಹೆಸರು ಜ್ಯಾನ್ ಬಾಪ್ತಿಸ್ತ್ ಪೊಕ್ಲೆನ್. ಹುಟ್ಟೂರು ಪ್ಯಾರಿಸ್. ಚರ್ಚಿನ ದಾಖಲೆಯ ಪ್ರಕಾರ 1622ರ ಜನವರಿ 15ರಂದು ನಾಮಕರಣವಾಯಿತು. ತಂದೆ ಅರಮನೆಯ ಹಾಸು, ಹೊದಿಕೆ, ಪರದೆಗಳನ್ನು ನೋಡಿಕೊಳ್ಳುವ ಅಧಿಕಾರಿ. ಮಗನಿಗೂ ಅದೇ ಹುದ್ದೆ ಕಾದಿತ್ತು. ಆದರೆ 21ನೇ ವಯಸ್ಸಿನಲ್ಲಿ ಅವನು ಮದಲೇನ್ ಬೆಝಾರ್ ಎಂಬ ನಟಿ ಮತ್ತು ಕೆಲವು ಗೆಳೆಯರೊಡನೆ ಸೇರಿ 1643ರಲ್ಲಿ ನಾಟಕ ಮಂಡಳಿ ಕಟ್ಟಿದ. ಮರುವರ್ಷ ಮೋಲಿಯೇರ್ ಎಂದು ಹೆಸರು ಬದಲಿಸಿಕೊಂಡ. ಆ ಕಾಲದ ಫ್ರಾನ್ಸಿನಲ್ಲಿ ನಟರನ್ನು ಚರ್ಚು ಧರ್ಮದಿಂದ ಹೊರಗಿಟ್ಟಿತ್ತು. ಸಾಯುವ ಮುನ್ನ ವೃತ್ತಿಯನ್ನು ತ್ಯಜಿಸಿದೆನೆಂದು ಪಾದ್ರಿಯ ಮುಂದೆ ಹೇಳದಿದ್ದರೆ ವಿಧಿವತ್ತಾದ ಮಣ್ಣೂ ಸಿಗುತ್ತಿರಲಿಲ್ಲ. ಒಳ್ಳೆಯ ಹುದ್ದೆ ಬಿಟ್ಟು ನಾಟಕಕ್ಕೆ ಬಂದವನಿಗೆ ಇದೆಲ್ಲ ಗೊತ್ತಿತ್ತು.

ಮೊದಲ ಪ್ರಯತ್ನ ನೆಲಕಚ್ಚಿತು. ಆಗ ರಂಗದ ಬೆಳಕೆಂದರೆ ಮೇಣದಬತ್ತಿ. ಬತ್ತಿ ಪೂರೈಸಿದ ವ್ಯಾಪಾರಿಯ ಬಾಕಿ ತೀರಿಸಲಾಗದೆ 1645ರಲ್ಲಿ ಮೋಲಿಯೇರ್ ಸೆರೆಮನೆ ಸೇರಿದ. ಬಿಡುಗಡೆಯಾದ ಮೇಲೆ ಪ್ಯಾರಿಸ್ ಬಿಟ್ಟು ಸುಮಾರು 13 ವರ್ಷ ಊರೂರು ಅಲೆದ. ನಮ್ಮ ಕಂಪನಿ ನಾಟಕದವರ ಕ್ಯಾಂಪ್ ಜೀವನವನ್ನು ಬಲ್ಲವರಿಗೆ ಆ ವರ್ಷಗಳು ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ. ಸಿಕ್ಕಿದ ಜಾಗದಲ್ಲಿ ಆಡುವುದು, ಕೆಟ್ಟದ್ದನ್ನು ಅಲ್ಲೇ ಸರಿಪಡಿಸಿಕೊಳ್ಳುವುದು ಅವನಿಗೆ ರೂಢಿಯಾಯಿತು.

1658ರ ಅಕ್ಟೋಬರ್ 24ರಂದು ಲೂವ್ರ್ ಅರಮನೆಯಲ್ಲಿ ಯುವ ದೊರೆ 14ನೇ ಲೂಯಿಯ ಮುಂದೆ ಆಡುವ ಅವಕಾಶ ಸಿಕ್ಕಿತು. ಕಾರ್ನೇಯ್ ಎಂಬ ಹೆಸರಾಂತ ಕವಿಯ ದುರಂತ ನಾಟಕ ಆಡಿದರು. ಸಭೆ ಅಷ್ಟಾಗಿ ಒಲಿಯಲಿಲ್ಲ. ಹೀಗೇ ಮುಗಿದಿದ್ದರೆ ಮತ್ತೆ ಊರೂರು ಅಲೆತವೇ ಗತಿಯಾಗುತ್ತಿತ್ತೇನೋ. ಮೋಲಿಯೇರ್ ಮುಂದೆ ಬಂದು ದೊರೆಯ ಅಪ್ಪಣೆ ಕೇಳಿ, ಹಳ್ಳಿಗಳಲ್ಲಿ ಆಡುತ್ತಿದ್ದ ಒಂದು ಪುಟ್ಟ ಪ್ರಹಸನವನ್ನು ಆಡಿಸಿದ. ದೊರೆ ನಕ್ಕ. ಮಂಡಳಿಗೆ ಪ್ಯಾರಿಸ್ಸಿನಲ್ಲಿ ರಂಗಮಂದಿರ ಸಿಕ್ಕಿತು.

ಅದೂ ಹೆಚ್ಚು ದಿನ ಉಳಿಯಲಿಲ್ಲ. 1660ರ ಅಕ್ಟೋಬರಿನಲ್ಲಿ ಅರಮನೆಯ ವಿಸ್ತರಣೆಗೆಂದು ಆ ಕಟ್ಟಡವನ್ನು ಮುನ್ಸೂಚನೆಯೇ ಇಲ್ಲದೆ ಕೆಡವತೊಡಗಿದರು. ಬದಲಿಗೆ ದೊರೆ ಕೊಟ್ಟ ಪಾಲೇ ರೊಯಾಲ್ ರಂಗಮಂದಿರದಲ್ಲಿ ಮೂರು ತೊಲೆಗಳು ಕೊಳೆತಿದ್ದವು, ಸೂರು ಅರ್ಧ ಹಾರಿಹೋಗಿತ್ತು. ಇದನ್ನು ನಮಗೆ ತಿಳಿಸುವುದು ಮಂಡಳಿಯ ನಟ ಲಾ ಗ್ರಾಂಜ್ ಬರೆದಿಟ್ಟ ಲೆಕ್ಕದ ಪುಸ್ತಕ. ಯಾವ ದಿನ ಯಾವ ನಾಟಕ, ಎಷ್ಟು ಹಣ ಬಂತು, ಯಾರಿಗೆ ಎಷ್ಟು ಪಾಲು ಎಂದು ಅವನು ಬರೆದಿದ್ದಾನೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಅದು ಲಾಗ್ ಫೈಲಿನಂತೆ ಕಾಣುತ್ತದೆ. ಹೆಚ್ಚಾಗಿ ನಡೆದದ್ದರ ದಾಖಲೆ.

ಮುಂದಿನ ವರ್ಷ ಆಗಸ್ಟ್ 17ರಂದು ಹಣಕಾಸು ಮಂತ್ರಿ ಫೂಕೆ ತನ್ನ ಹೊಸ ಸೌಧದಲ್ಲಿ ದೊರೆಗೆ ಔತಣ ಏರ್ಪಡಿಸಿದ. ನಾಟಕಕ್ಕೆ ಸಿಕ್ಕಿದ್ದು ಕೇವಲ 15 ದಿನ. ಪರದೆ ಸರಿದಾಗ ಮೋಲಿಯೇರ್ ವೇಷವನ್ನೇ ಹಾಕದೆ, ದಿನನಿತ್ಯದ ಉಡುಪಿನಲ್ಲಿ ಗಾಬರಿಯಿಂದ ನಿಂತಿದ್ದ. ನಟರಿಲ್ಲ, ಸಮಯ ಸಾಲಲಿಲ್ಲ ಎಂದು ದೊರೆಯ ಕ್ಷಮೆ ಕೇಳಿದ. ಸಭೆ ದಂಗಾಗಿರುವಾಗಲೇ ಹಿಂದೆ ಕಾರಂಜಿಗಳು ಚಿಮ್ಮಿದವು, ದೊಡ್ಡ ಚಿಪ್ಪೊಂದು ತೆರೆದು ಜಲಕನ್ಯೆ ಹೊರಬಂದಳು. ಆ ಗಾಬರಿಯೇ ನಾಟಕದ ಆರಂಭವಾಗಿತ್ತು! ಒಳ್ಳೆಯ ನರ್ತಕರು ಕೆಲವರೇ ಇದ್ದುದರಿಂದ ಅವರಿಗೆ ವೇಷ ಬದಲಿಸಲು ಸಮಯ ಸಿಗಲೆಂದು ಕುಣಿತಗಳನ್ನು ಅಂಕಗಳ ನಡುವೆ ಹಂಚಿದ. ಕೊರತೆಯಿಂದ ಹುಟ್ಟಿದ ಆ ಉಪಾಯವೇ ಮುಂದೆ ನಾಟಕ ಮತ್ತು ನೃತ್ಯ ಬೆರೆತ ಹೊಸ ಪ್ರಕಾರವಾಯಿತು.

ಆ ಕಾಲದಲ್ಲಿ ಸಿರಿವಂತರು ರಂಗದ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಕೆಲವರು ತಡವಾಗಿ ಬಂದು ಗದ್ದಲ ಮಾಡಿ, ನಟರಿಗೆ ಅಡ್ಡವಾಗಿ ಕೂರುವುದೂ ಇತ್ತು. ಮೋಲಿಯೇರ್ ಜಗಳಕ್ಕೆ ಹೋಗಲಿಲ್ಲ. ಅದೇ ನಾಟಕದ ಮೊದಲ ದೃಶ್ಯದಲ್ಲಿ ಅಂಥ ಒಬ್ಬನ ಪ್ರತಾಪವನ್ನು ವರ್ಣಿಸಿ ಎಲ್ಲರನ್ನೂ ನಗಿಸಿದ. 1663ರಲ್ಲಿ ಬರೆದ ಇನ್ನೊಂದು ನಾಟಕದ ವಸ್ತುವೇ ಇದು: ದೊರೆ ಬರುವ ಹೊತ್ತಾಗಿದೆ, ನಟರಿಗೆ ಮಾತು ಬಾಯಿಪಾಠವಾಗಿಲ್ಲ. ಅದರಲ್ಲಿ ಮೋಲಿಯೇರ್ ಮೋಲಿಯೇರನಾಗಿಯೇ ನಟಿಸಿದ.

ಎಲ್ಲ ಎಡವಟ್ಟೂ ಅವನ ಹಿಡಿತದಲ್ಲಿತ್ತೆಂದಲ್ಲ. 1705ರಲ್ಲಿ ಅವನ ಜೀವನ ಚರಿತ್ರೆ ಬರೆದ ಗ್ರಿಮಾರೆ ಒಂದು ಕತ್ತೆಯ ಪ್ರಸಂಗ ಹೇಳುತ್ತಾನೆ. ಡಾನ್ ಕ್ವಿಕ್ಸೋಟನ ಕಥೆಯಲ್ಲಿ ಮೋಲಿಯೇರ್ ಸೇವಕ ಸ್ಯಾಂಕೋನ ಪಾತ್ರಧಾರಿ. ಕತ್ತೆಯೇರಿ ಸೈಡ್ ವಿಂಗಿನಲ್ಲಿ ಕಾದಿದ್ದ. ಕತ್ತೆಗೆ ಪಾತ್ರದ ಸೂಚನೆ ಗೊತ್ತಿರಲಿಲ್ಲ. ತನ್ನ ಸರದಿಗೆ ಮುಂಚೆಯೇ ರಂಗಕ್ಕೆ ನುಗ್ಗತೊಡಗಿತು. ಇವನು ಹಗ್ಗ ಎಳೆದ, ಸಹನಟ ಬಾರೋನನನ್ನು ಕೂಗಿದ, ಮನೆಗೆಲಸದ ಲಾಫೊರೆಯನ್ನು ಕೂಗಿದ. ಎದುರು ಬದಿಯಲ್ಲಿದ್ದ ಅವಳು ಧಣಿಯ ಅವಸ್ಥೆ ಕಂಡು ನಗುತ್ತ ನಿಂತುಬಿಟ್ಟಳು. ಕೊನೆಗೆ ಮೋಲಿಯೇರ್ ಪಕ್ಕದ ವಿಂಗಿನ ಚೌಕಟ್ಟನ್ನು ಬಿಗಿಯಾಗಿ ಹಿಡಿದು ಜೋತುಬಿದ್ದ. ಕತ್ತೆ ಅವನ ಕಾಲುಗಳ ನಡುವಿನಿಂದ ಜಾರಿ, ತನಗೆ ತೋಚಿದ ಅಭಿನಯ ಮಾಡಲು ರಂಗಕ್ಕೆ ಹೋಯಿತು.

ನಗುವಿನ ಹಿಂದೆ ಕಷ್ಟವೂ ಬೆಳೆಯುತ್ತಿತ್ತು. ಕಪಟ ಭಕ್ತನನ್ನು ಗೇಲಿಮಾಡುವ 'ತಾರ್ತ್ಯುಫ್' ನಾಟಕ 1664ರಲ್ಲಿ ನಿಷೇಧಕ್ಕೊಳಗಾಯಿತು. 1667ರಲ್ಲಿ ಒಮ್ಮೆ ಆಡಿದ ಮರುದಿನವೇ ಮತ್ತೆ ನಿಷೇಧ. ಅಂತೂ 1669ರಲ್ಲಿ ಬಹಿರಂಗ ಪ್ರದರ್ಶನಕ್ಕೆ ಅಪ್ಪಣೆ ದೊರೆಯಿತು. ಅಷ್ಟರಲ್ಲಿ ಎದೆಯ ಕಾಯಿಲೆ, ಕೆಮ್ಮು ಅವನನ್ನು ಹಿಡಿದಿದ್ದವು. ಕೆಮ್ಮನ್ನೂ ಪಾತ್ರಗಳಿಗೆ ಕೊಟ್ಟು ನಗಿಸಿದ.

1673ರ ಫೆಬ್ರವರಿ 10ರಂದು ಅವನ ಕೊನೆಯ ನಾಟಕ ರಂಗಕ್ಕೆ ಬಂತು. ರೋಗವಿಲ್ಲದಿದ್ದರೂ ರೋಗಿಯೆಂದು ನಂಬಿ ಕುರ್ಚಿಯಲ್ಲಿ ಕೂತವನ ಕಥೆ. ಆ ಪಾತ್ರ ಮಾಡಿದವನು ನಿಜವಾಗಿಯೂ ರೋಗಿ. 17ರಂದು ನಾಲ್ಕನೇ ಪ್ರದರ್ಶನ. ಈವತ್ತು ಬೇಡವೆಂದು ಹೆಂಡತಿ ಅರ್ಮಾಂದ್ ಮತ್ತು ಬಾರೋನ್ ಬೇಡಿಕೊಂಡರು. ದಿನಗೂಲಿಯನ್ನೇ ನಂಬಿದ ಐವತ್ತು ಬಡ ಕೆಲಸಗಾರರ ಅನ್ನ ತಪ್ಪುತ್ತದೆಂದು ಅವನು ಒಪ್ಪಲಿಲ್ಲವೆಂದು ಗ್ರಿಮಾರೆ ಬರೆದಿದ್ದಾನೆ. ಕೊನೆಯ ದೃಶ್ಯದಲ್ಲಿ ವೈದ್ಯನಾಗುವ ಪ್ರಮಾಣವಚನ ಹೇಳುವಾಗ ಮೈ ಸೆಟೆದುಕೊಂಡಿತು. ಕೆಲವರು ಗಮನಿಸಿದರೆಂದು ತಿಳಿದು ಅವನು ಬಲವಂತದ ನಗುವಿನಲ್ಲಿ ಅದನ್ನು ಮುಚ್ಚಿದ. ನಾಟಕ ಮುಗಿಸಿದ. ಮನೆಗೆ ಹೊತ್ತೊಯ್ದರು. ಅದೇ ರಾತ್ರಿ ತೀರಿಕೊಂಡ. ಇಬ್ಬರು ಪಾದ್ರಿಗಳು ಬರಲೊಪ್ಪಲಿಲ್ಲ, ಮೂರನೆಯವರು ಬರುವಷ್ಟರಲ್ಲಿ ಜೀವ ಹೋಗಿತ್ತು. ಅರ್ಮಾಂದ್ ದೊರೆಯ ಬಳಿ ಹೋಗಿ ಮೊರೆಯಿಟ್ಟ ಮೇಲೆ, ಫೆಬ್ರವರಿ 21ರ ರಾತ್ರಿ, ಆಡಂಬರವಿಲ್ಲದೆ ಹೂಳಲು ಅನುಮತಿ ಸಿಕ್ಕಿತು.

ಆ ದಿನ ಅವನು ಆಡಬೇಕಿತ್ತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಎರಡು ವಾರದೊಳಗೆ, ಮಾರ್ಚ್ 3ರಂದು, ಅದೇ ಪಾತ್ರವನ್ನು ಇನ್ನೊಬ್ಬ ನಟ ಮಾಡಿದ. ಪಾತ್ರಕ್ಕೆ ಬದಲಿ ಆಳು ಸಿಕ್ಕಿದ. ಆದರೆ ಬರೆಯುವವನು, ಆಡಿಸುವವನು, ದೊರೆಯ ಬಳಿ ಮಾತಾಡುವವನು ಎಲ್ಲವೂ ಒಬ್ಬನೇ ಆಗಿದ್ದ ಮಂಡಳಿಗೆ ಬದಲಿ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ನಾಲ್ವರು ನಟರು ಬಿಟ್ಟುಹೋದರು, ರಂಗಮಂದಿರ ಸಂಗೀತಗಾರ ಲ್ಯುಲ್ಲಿಯ ಪಾಲಾಯಿತು. ಲಾ ಗ್ರಾಂಜ್ ಮತ್ತು ಅರ್ಮಾಂದ್ ಉಳಿದವರನ್ನು ಒಟ್ಟುಗೂಡಿಸಿ ಬೇರೆ ಕಡೆ ನಾಟಕ ಮುಂದುವರಿಸಿದರು. ಎಡವಟ್ಟನ್ನು ನಗುವಾಗಿಸುವುದು ದೊಡ್ಡ ವಿದ್ಯೆ, ಆದರೆ ನೋವನ್ನು ನಗುವಿನಲ್ಲಿ ಮುಚ್ಚುವುದಕ್ಕೆ ಮಿತಿಯಿದೆ ಎಂದೇ ನನ್ನ ಅನಿಸಿಕೆ. ಒಬ್ಬನ ಮೇಲೇ ಎಲ್ಲ ಭಾರ ಹಾಕುವ ತಂಡ ಆ ಮಿತಿಯನ್ನು ಅವನಿಗೆ ಮರೆಸುತ್ತದೆ.

ಉಳಿದವರ ಆ ಮಂಡಳಿ 1680ರಲ್ಲಿ ಇನ್ನೊಂದು ಮಂಡಳಿಯೊಡನೆ ಸೇರಿ ಕಾಮೆದಿ ಫ್ರಾನ್ಸೇಜ್ ಆಯಿತು. ಅದು ಇಂದಿಗೂ ಪ್ಯಾರಿಸ್ಸಿನಲ್ಲಿ ನಾಟಕವಾಡುತ್ತಿದೆ. ಮೋಲಿಯೇರ್ ಕೊನೆಯ ದಿನ ಕೂತ ಕುರ್ಚಿಯನ್ನು ಅಲ್ಲಿ ಇಟ್ಟಿದ್ದಾರೆ. ಕನ್ನಡದಲ್ಲಿ ಎ. ಎನ್. ಮೂರ್ತಿರಾಯರು 'ತಾರ್ತ್ಯುಫ್' ನಾಟಕವನ್ನು 'ಆಷಾಢಭೂತಿ'ಯಾಗಿ ರೂಪಾಂತರಿಸಿದ್ದಾರೆ. ನಮ್ಮ ಶಾಲೆಯ ಮುಂದಿನ ವಾರ್ಷಿಕೋತ್ಸವಕ್ಕೆ ಅದರ ಒಂದು ದೃಶ್ಯವನ್ನಾದರೂ ಮಕ್ಕಳು ಆಡಲಿ. ಪ್ರತಿ ಪಾತ್ರಕ್ಕೂ ಇಬ್ಬಿಬ್ಬರು ಮಾತು ಕಲಿತಿರಲಿ.