ಕೆನರಾದ ಪ್ರೇಷಿತ ಸಂತ ಜೋಸೆಫ್ ವಾಜ್: ಕೆಳದಿ ರಾಜ್ಯದಲ್ಲಿ ಕಳೆದ ಮೂರು ವರ್ಷಗಳು

ಜನವರಿ 16 ಸಂತ ಜೋಸೆಫ್ ವಾಜ್‌ರವರ ಹಬ್ಬ. ಅಂದು ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ನಮ್ಮ ಕರಾವಳಿಯ ಭಕ್ತರು ಹರಿದು ಬರುತ್ತಾರೆ. ಪ್ರವಚನಗಳಲ್ಲಿ ಈ ಸಂತರ ಜೀವನವನ್ನು ನಾವು ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿಸುತ್ತೇವೆ. ಗೋವೆಯಲ್ಲಿ ಹುಟ್ಟಿದರು, ಶ್ರೀಲಂಕಾದಲ್ಲಿ ದುಡಿದು ಮಡಿದರು, ನಡುವೆ ಸ್ವಲ್ಪ ಕಾಲ ನಮ್ಮಲ್ಲಿದ್ದರು. ನಮ್ಮಲ್ಲಿದ್ದ ಆ ಸ್ವಲ್ಪ ಕಾಲ 1681ರಿಂದ 1684ರವರೆಗೆ, ಕೇವಲ ಮೂರು ವರ್ಷ. ಆದರೆ ಧರ್ಮಸಭೆ ಎಂದರೆ ಏನು, ಅದು ಯಾರದ್ದು ಎಂಬ ಪ್ರಶ್ನೆ ನಮ್ಮ ಹಿರಿಯರ ಮನೆಬಾಗಿಲಿಗೇ ಬಂದು ನಿಂತ ವರ್ಷಗಳು ಅವು. ಆದ್ದರಿಂದ ಈ ಬಾರಿ ಅವುಗಳ ಬಗ್ಗೆಯೇ ಹೆಚ್ಚು ಬರೆಯಲು ಬಯಸುತ್ತೇವೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯಾ ದ ಮಿರಾಂದಾ. ಮನೆಮಾತು ಕೊಂಕಣಿ. ಪೋರ್ಚುಗೀಸ್ ಮತ್ತು ಲತೀನ್ ಕಲಿತು, ಹಳೇ ಗೋವೆಯಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, ದೊಮಿನಿಕನರಲ್ಲಿ ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಅಂದಿನಿಂದ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ ಮಾತೆ ಮರಿಯಳ ದಾಸನೆಂದು ತಮ್ಮನ್ನು ಒಪ್ಪಿಸಿಕೊಂಡು ಪತ್ರ ಬರೆದಿಟ್ಟರು. ಅವರ ಆಸೆ ಇದ್ದದ್ದು ಸಿಲೋನಿಗೆ, ಅಂದರೆ ಶ್ರೀಲಂಕೆಗೆ ಹೋಗಲು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು, ಜನ ವರ್ಷಾನುಗಟ್ಟಲೆ ಪರಮಪ್ರಸಾದವಿಲ್ಲದೆ ಇದ್ದರು. ಗೋವೆಯ ಹಿರಿಯರು ಸಿಲೋನಿಗೆ ಕಳುಹಿಸದೆ ಕೆನರಾಕ್ಕೆ ಹೋಗೆಂದರು. ವಿಧೇಯರಾಗಿ ಬಂದರು.

ಅವರು ಬಂದದ್ದು ಯಾರ ರಾಜ್ಯಕ್ಕೆ? ಇದನ್ನು ನಾವು ಮರೆಯುತ್ತೇವೆ. ಕರಾವಳಿಯ ಕ್ರೈಸ್ತ ಇತಿಹಾಸ ಎಂದೊಡನೆ ನಮ್ಮ ಕಣ್ಣು ಗೋವೆಯ ಕಡೆಗೆ ಹೋಗುತ್ತದೆ, ಘಟ್ಟದ ಕಡೆಗೆ ಹೊರಳುವುದೇ ಇಲ್ಲ. 1681ರಲ್ಲಿ ಮಂಗಳೂರು, ಬಾರಕೂರು, ಕಲ್ಯಾಣಪುರ, ಬಸರೂರು, ಗಂಗೊಳ್ಳಿ, ಹೊನ್ನಾವರ ಎಲ್ಲವೂ ಕೆಳದಿ ಅರಸರ ಕೈಯಲ್ಲಿದ್ದವು. ಅವರ ಮೊದಲ ನೆಲೆಗಳಾದ ಕೆಳದಿ ಮತ್ತು ಇಕ್ಕೇರಿ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ರಾಜಧಾನಿ ಬಿದನೂರು ಈಗಿನ ಹೊಸನಗರ ತಾಲ್ಲೂಕಿನ ನಗರ. ಅವರ ಗಟ್ಟಿ ಕೋಟೆ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನದ್ದು. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡ. ಕೋಟೆಯ ಆಸರೆಯಲ್ಲಿದ್ದ ಇಗರ್ಜಿಗಳು ಅನಾಥವಾದವು, ಗುರುಗಳ ಸಂಖ್ಯೆ ಕುಸಿಯಿತು. ಆದರೆ ವಿಶ್ವಾಸಿಗಳು ಎಲ್ಲಿಗೂ ಹೋಗಲಿಲ್ಲ. ಅವರು ಗದ್ದೆ ಮಾಡಿಕೊಂಡು ಕೆಳದಿಯ ಪ್ರಜೆಗಳಾಗಿಯೇ ಉಳಿದರು. ಗೋವೆಗೆ ಹೋಗುತ್ತಿದ್ದ ಅಕ್ಕಿಯ ಬಹುಪಾಲು ಇದೇ ಕರಾವಳಿಯದ್ದು. ಗೋವೆಯ ಊಟವೇ ಬಿದನೂರಿನ ಮರ್ಜಿಯ ಮೇಲೆ ನಿಂತಿತ್ತು ಎಂದರೆ ತಪ್ಪಾಗದು.

ವಾಜ್‌ರವರ ಕಾಲಕ್ಕೆ ಬಿದನೂರಿನ ಗದ್ದುಗೆಯಲ್ಲಿದ್ದವಳು ರಾಣಿ ಚೆನ್ನಮ್ಮ. ಗಂಡ ಸೋಮಶೇಖರ ನಾಯಕನ ನಂತರ ಸುಮಾರು 25 ವರ್ಷ ಆಳಿದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳೆಂದು ನಾಡೆಲ್ಲ ಅವಳನ್ನು ನೆನೆಯುತ್ತದೆ. ನಾವು ನೆನೆಯಬೇಕಾದ ಬೇರೆ ಕಾರಣವೂ ಇದೆ. ವೀರಶೈವ ಧರ್ಮವನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ ಆ ರಾಣಿಯ ಆಳ್ವಿಕೆಯಲ್ಲಿ, 1678ರಲ್ಲಿ, ಗೋವೆಗೂ ಬಿದನೂರಿಗೂ ಆದ ಒಪ್ಪಂದದಂತೆ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅವಕಾಶವಾಯಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದದ್ದು ಅವಳಿಂದ ದೊರೆತ ಜಾಗದಲ್ಲಿ. ಘಟ್ಟದ ಮೇಲಿನಿಂದ ಇಳಿದು ಬಂದ ಅಪ್ಪಣೆಯ ಬಲದಿಂದ ನಮ್ಮ ಹಿರಿಯರ ಬಲಿಪೂಜೆ ನಡೆಯುತ್ತಿತ್ತು.

ರಾಜ್ಯಾಡಳಿತದ ಕಡೆಯಿಂದ ಹೀಗೆ ನೆಮ್ಮದಿ ಇತ್ತು. ಜಗಳ ಇದ್ದದ್ದು ಒಳಗೆ.

ಅದನ್ನು ಸ್ವಲ್ಪ ವಿವರಿಸಬೇಕು. ಪೂರ್ವದೇಶಗಳಲ್ಲಿ ಇಗರ್ಜಿ ಕಟ್ಟುವ, ಧರ್ಮಾಧ್ಯಕ್ಷರ ಹೆಸರು ಸೂಚಿಸುವ ಹಕ್ಕನ್ನು ಜಗದ್ಗುರುಗಳು ಹಿಂದೆಯೇ ಪೋರ್ಚುಗಲ್ ದೊರೆಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಪೋರ್ಚುಗೀಸರ ಶಕ್ತಿ ಕುಂದಿದಂತೆ ಆ ದೊರೆಯಿಂದ ಕೆಲಸ ಸಾಗುತ್ತಿಲ್ಲವೆಂದು ಕಂಡ ರೋಮ್, 1622ರಲ್ಲಿ ವಿಶ್ವಾಸ ಪ್ರಸಾರದ ಮಹಾಸಭೆ ಪ್ರೊಪಗಾಂದವನ್ನು ಸ್ಥಾಪಿಸಿ ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. 1675ರಲ್ಲಿ ಜಗದ್ಗುರು ಹತ್ತನೇ ಕ್ಲೆಮೆಂಟ್ ಗೋವೆಯ ದಿವಾಡಿಯವರೇ ಆದ, ಥಿಯಟೈನ್ ಸಭೆಯ ತೊಮಾಸ್ ದೆ ಕಾಸ್ತ್ರೊ ಅವರನ್ನು ಕೆನರಾದ ಪ್ರೇಷಿತ ಪ್ರತಿನಿಧಿಯಾಗಿ ನೇಮಿಸಿದರು. ಕಾಸ್ತ್ರೊ 1677ರಲ್ಲಿ ಮಂಗಳೂರಿಗೆ ಬಂದು ನೆಲೆಸಿದರು. ಗೋವೆಯ ಧರ್ಮಾಡಳಿತ ಅವರ ಅಧಿಕಾರವನ್ನು ಒಪ್ಪಲಿಲ್ಲ. ಕೆನರಾ ನಮ್ಮದು ಎಂದಿತು.

ದೊಡ್ಡವರ ಜಗಳ ದೊಡ್ಡವರಲ್ಲೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಧರ್ಮಸಭೆಯ ನಿಯಮದಂತೆ ದೀಕ್ಷೆ ಪಡೆದ ಯಾವ ಗುರು ಅರ್ಪಿಸಿದರೂ ಬಲಿಪೂಜೆ ಬಲಿಪೂಜೆಯೇ. ಆದರೆ ಪಾಪನಿವೇದನೆ ಕೇಳಿ ಕ್ಷಮೆ ನೀಡಲು ದೀಕ್ಷೆ ಮಾತ್ರ ಸಾಲದು, ಆ ಸ್ಥಳದ ಮೇಲೆ ಅಧಿಕಾರವುಳ್ಳವರ ಅನುಮತಿಯೂ ಬೇಕು. ಟ್ರೆಂಟ್ ಮಹಾಸಭೆಯ ನಂತರ ಮದುವೆಗೂ ಹಾಗೆಯೇ. ಈಗ ಊಹಿಸಿ. ಗೋವೆಯ ಕಡೆಯ ಗುರುಗಳು ಕಾಸ್ತ್ರೊ ಅವರ ಗುರುಗಳು ಕೊಟ್ಟ ಕ್ಷಮೆ ಸಿಂಧುವಲ್ಲ ಎನ್ನುತ್ತಾರೆ. ಕಾಸ್ತ್ರೊ ಅವರ ಕಡೆಯವರು ಅದೇ ಮಾತನ್ನು ತಿರುಗಿಸಿ ಹೇಳುತ್ತಾರೆ. ಗದ್ದೆಯಿಂದ ಬಂದು ಮೊಣಕಾಲೂರಿದ ರೈತನಿಗೆ ತನ್ನ ಪಾಪ ಕ್ಷಮಿಸಲ್ಪಟ್ಟಿತೋ ಇಲ್ಲವೋ ತಿಳಿಯದು. ಮದುವೆಯಾಗಿ ಮಕ್ಕಳಾದವಳಿಗೆ ತನ್ನ ಮದುವೆ ಮದುವೆಯೇ ಎಂಬ ಸಂಶಯ. ಎರಡೂ ಕಡೆಯವರು ಜಗದ್ಗುರುಗಳ ಹೆಸರನ್ನೇ ಹೇಳುತ್ತಿದ್ದರು ಎಂಬುದು ಇದರ ಅತ್ಯಂತ ನೋವಿನ ಸಂಗತಿ ಎಂದು ನಮಗೆ ತೋರುತ್ತದೆ.

ಈ ಬೆಂಕಿಯ ನಡುವೆ 30ರ ಹರೆಯದ ವಾಜ್ ಗೋವೆಯ ಪ್ರತಿನಿಧಿಯಾಗಿ, ವಲಯಗುರುವಾಗಿ ಬಂದಿಳಿದರು. ಅವರಿಂದ ನಿರೀಕ್ಷಿಸಿದ್ದು ಗೋವೆಯ ಹಕ್ಕನ್ನು ಎತ್ತಿಹಿಡಿಯುವುದನ್ನು. ಅವರು ಮಾಡಿದ ಮೊದಲ ಕೆಲಸವೆಂದರೆ ಎದುರಾಳಿ ಎನಿಸಿಕೊಂಡಿದ್ದ ಧರ್ಮಾಧ್ಯಕ್ಷ ಕಾಸ್ತ್ರೊ ಅವರಲ್ಲಿಗೆ ಹೋಗಿ ಗೌರವದಿಂದ ಭೇಟಿಯಾದದ್ದು. ಜಗದ್ಗುರುಗಳ ನೇಮಕ ಪತ್ರವನ್ನು ತೋರಿಸುವಂತೆ ಬೇಡಿದರು, ಓದಿದರು. ಗೋವೆಗೆ ಬರೆದು ನಿರ್ದೇಶನ ಕೇಳಿದರು. ಉತ್ತರ ಬರುವವರೆಗೆ ಜನರ ಆತ್ಮಗಳು ಕಾಯುವಂತಿರಲಿಲ್ಲ. ಆದ್ದರಿಂದ ಗೋವೆಯ ಅಧಿಕಾರ ತಮಗಿದ್ದರೂ ಕಾಸ್ತ್ರೊ ಅವರಿಂದಲೂ ಅಧಿಕಾರವನ್ನು ಕೇಳಿ ಪಡೆದರು. ಈಗ ಯಾವ ಪಕ್ಷದ ವಾದ ಗೆದ್ದರೂ ವಾಜ್ ಕೊಟ್ಟ ಕ್ಷಮೆ ಕ್ಷಮೆಯೇ, ಅವರು ನೆರವೇರಿಸಿದ ಮದುವೆ ಮದುವೆಯೇ. ಎಷ್ಟು ಸರಳ ಉಪಾಯ! ಆದರೆ ಅದಕ್ಕೆ ಒಬ್ಬ ಗುರು ತನ್ನ ಕಡೆಯವರಿಂದ ಅನುಮಾನದ ನೋಟ ಸಹಿಸಲು ಸಿದ್ಧನಿರಬೇಕು. ಸೆಮಿನರಿಯಲ್ಲಿ ಧರ್ಮಸಭೆ ಏಕ, ಪವಿತ್ರ, ಸಾರ್ವತ್ರಿಕ ಮತ್ತು ಪ್ರೇಷಿತ ಎಂಬ ನಾಲ್ಕು ಲಕ್ಷಣಗಳನ್ನು ನಾವು ಪಾಠವಾಗಿ ಓದಿದ್ದೇವೆ. ವಾಜ್‌ರವರಿಗೆ ಅದರ ಮೊದಲ ಪದ ಎರಡು ಸಹಿಗಳ ಪ್ರಶ್ನೆಯಾಗಿ ಎದುರಾಯಿತು.

ಜಗಳ ಅವರಿಂದ ಕೊನೆಗೊಳ್ಳಲಿಲ್ಲ, ಆದರೆ ಅವರಿರುವಷ್ಟು ದಿನ ಅದರ ಕಾವು ತಗ್ಗಿತು. ಉಳಿದ ಸಮಯವೆಲ್ಲ ನಡಿಗೆಯಲ್ಲಿ ಕಳೆಯಿತು. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು, ಭಕ್ತರ ಸಂಘಗಳನ್ನು ಮತ್ತೆ ಕಟ್ಟಿದರು. ಗುರು ಇಲ್ಲದ ತಿಂಗಳುಗಳಲ್ಲೂ ಜಪಸರ ನಿಲ್ಲದಂತೆ ನೋಡಿಕೊಂಡದ್ದು ಇಂತಹ ಸಂಘಗಳೇ. ಕುಂದಾಪುರದಲ್ಲಿ ಪ್ರಾರ್ಥನೆಯ ಹೊತ್ತು ಅವರು ನೆಲದಿಂದ ಮೇಲೆದ್ದದ್ದನ್ನು ಕಂಡರೆಂಬ ನೆನಪು ಜನರಲ್ಲಿ ಉಳಿದಿದೆ. ಮುಡಿಪುವಿನಲ್ಲಿ, ರೋಗಿಯ ನೆಪದಲ್ಲಿ ರಾತ್ರಿ ಕರೆಸಿ ಕೊಲ್ಲಲು ಹೊಂಚು ಹಾಕಿದವರ ಮುಂದೆ ಅವರು ಕೋಲೂರಿದ ಕಡೆ ಮೂರು ಒರತೆಗಳು ಚಿಮ್ಮಿದವೆಂಬ ನಂಬಿಕೆ ಎಲ್ಲರಿಗೂ ಗೊತ್ತು. ಪವಾಡಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಆ ಮೂರು ಒರತೆಗಳ ಬಗ್ಗೆ ಕೇಳಿದಷ್ಟು ಆ ಎರಡು ಅನುಮತಿಗಳ ಬಗ್ಗೆ ಕೇಳುವುದಿಲ್ಲ.

1684ರಲ್ಲಿ ಗೋವೆಗೆ ಮರಳಿದರು. ಅದೇ ವರ್ಷ ಕಾಸ್ತ್ರೊ ತೀರಿಕೊಂಡರು. ಮರುವರ್ಷ ಹಳೇ ಗೋವೆಯ ಪವಾಡ ಶಿಲುಬೆಯ ಬೆಟ್ಟದಲ್ಲಿ ಒಟ್ಟಾಗಿ ಬದುಕುತ್ತಿದ್ದ ಕೆಲವು ಸ್ಥಳೀಯ ಗುರುಗಳನ್ನು ಸೇರಿ, ಸಂತ ಫಿಲಿಪ್ ನೇರಿಯವರ ಮಾದರಿಯ ಒರೆಟರಿಯಾಗಿ ಅದನ್ನು ರೂಪಿಸಿದರು. ಯುರೋಪಿನ ಸಂಸ್ಥೆಗಳು ದೇಶೀಯರನ್ನು ಹತ್ತಿರ ಸೇರಿಸದ ಕಾಲದಲ್ಲಿ ಭಾರತೀಯರೇ ನಡೆಸಿದ ಗುರುಗಳ ಸಂಸ್ಥೆ ಅದು. ಆದರೆ ಅದೂ ಬ್ರಾಹ್ಮಣ ಮೂಲದ ಗೋವೆಯ ಗುರುಗಳಿಗಷ್ಟೇ ತೆರೆದಿತ್ತು. ಇದನ್ನು ಮುಚ್ಚಿಟ್ಟು ಸಂತರನ್ನು ಹೊಗಳುವುದು ಸರಿಯಲ್ಲ. ಬಿಳಿಯರ ಬಾಗಿಲಲ್ಲಿ ತಡೆಯಲ್ಪಟ್ಟವರು ತಮ್ಮ ಬಾಗಿಲಲ್ಲಿ ಇನ್ನೊಬ್ಬರನ್ನು ತಡೆದರು. ನಮ್ಮ ಧರ್ಮಸಭೆಯಲ್ಲಿ ಜಾತಿಯ ಮಾತು ಇಂದಿಗೂ ಮುಗಿದಿಲ್ಲ.

1686ರಲ್ಲಿ ಕೊನೆಗೂ ಸಿಲೋನಿಗೆ ಹೊರಟರು. ಕೂಲಿಯಾಳಿನ ವೇಷದಲ್ಲಿ, ಜೊವಾಂವ್ ಎಂಬ ಸೇವಕನೊಂದಿಗೆ 1687ರಲ್ಲಿ ಜಾಫ್ನಾ ಮುಟ್ಟಿದರು. ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಯಲ್ಲಿ ಭಿಕ್ಷೆ ಕೇಳುತ್ತ, ಅದನ್ನು ಕಂಡು ಯಾರ ಮುಖ ಅರಳುತ್ತದೆಂದು ನೋಡಿ ಕಥೋಲಿಕರನ್ನು ಗುರುತಿಸಿದರು. ತಮಿಳು ಮತ್ತು ಸಿಂಹಳ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಸೆರೆಮನೆ ಸೇರಬೇಕಾಯಿತು. ಕ್ರಮೇಣ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯನೇ ಅವರ ರಕ್ಷಕನಾದ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಮತ್ತು ಅವರ ಸಂಗಡಿಗರು ಮತ ಕೇಳದೆ ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಧರ್ಮಾಧ್ಯಕ್ಷ ಪದವಿಯ ಸೂಚನೆ ಬಂದಾಗ ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಅವರನ್ನು ಹೂಳಿದ ಸ್ಥಳ ಇಂದು ಗುರುತಿಗೆ ಸಿಗುವುದಿಲ್ಲ.

ಬಿದನೂರಿನಲ್ಲಿ ವೀರಶೈವ ರಾಣಿ, ಕ್ಯಾಂಡಿಯಲ್ಲಿ ಬೌದ್ಧ ರಾಜ. ಈ ಸಂತರ ಜೀವನದ ದೊಡ್ಡ ಕೆಲಸಗಳೆಲ್ಲ ನಡೆದದ್ದು ಕ್ರೈಸ್ತನಲ್ಲದ ಅರಸರ ನೆರಳಿನಲ್ಲಿ. ಅವರಿಗೆ ಕಿರುಕುಳ ಕೊಟ್ಟ ಡಚ್ಚರು ಕ್ರೈಸ್ತರು. ಕ್ರೈಸ್ತಧರ್ಮ ಪರದೇಶಿಯರ ಬಂದೂಕಿನ ಹಿಂದೆ ಬಂದದ್ದು ಎಂದು ಹೇಳುವವರಿಗೆ, ಹಾಗೆಯೇ ಅರಸೊತ್ತಿಗೆಯ ಬೆಂಬಲವಿಲ್ಲದೆ ಧರ್ಮಸಭೆ ಉಳಿಯದು ಎಂದು ಒಳಗೊಳಗೇ ಹೆದರುವ ನಮ್ಮವರಿಗೆ, ಈ ಜೀವನದಲ್ಲಿ ಸಾಕಷ್ಟು ಉತ್ತರವಿದೆ.

ನಮ್ಮ ಕರಾವಳಿಯ ಒಳಜಗಳ ಮಾತ್ರ ಅವರ ನಂತರ ಎರಡು ಶತಮಾನ ಎಳೆಯಿತು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಇಲ್ಲಿನ ಪದ್ರುವಾದೊ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದಾಗ ಬ್ರಹ್ಮಾವರ ಕಡೆಯ ಕೆಲವು ಕುಟುಂಬಗಳು ಒಪ್ಪಲಿಲ್ಲ. 1889ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದ ಅಲ್ವಾರೆಸ್ ಮಾರ್ ಯೂಲಿಯುಸ್ ಮತ್ತು ವಂದನೀಯ ನೊರೊನ್ಹಾ ಅವರ ಜೊತೆ ಆರ್ಥೊಡಾಕ್ಸ್ ಸಭೆಗೆ ಹೋದರು. ಅವರು ಇಂದಿಗೂ ನಮ್ಮ ನೆರೆಯವರು, ಮನೆಯಲ್ಲಿ ನಮ್ಮದೇ ಕೊಂಕಣಿ. ಅಲ್ಲಿಯೂ ವಿಶ್ವಾಸಸಾರದ ಬಗ್ಗೆ ಜಗಳವಿರಲಿಲ್ಲ, ಯಾರ ಅಧಿಕಾರದ ಕೆಳಗೆ ಎಂಬುದೇ ಪ್ರಶ್ನೆ. ಆ ಹೊತ್ತಿಗೆ ಇಬ್ಬರ ಬಾಗಿಲನ್ನೂ ತಟ್ಟಬಲ್ಲ ಒಬ್ಬ ವಾಜ್ ಸಿಗಲಿಲ್ಲ.

ಜಗದ್ಗುರು ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ವಾಜ್‌ರವರನ್ನು ಧನ್ಯರೆಂದು, ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದು ಸಾರಿದರು. ಈ ನಡುವೆ ಘಟ್ಟದ ಮೇಲೂ ಬಹಳ ಬದಲಾಗಿದೆ. ಕರಾವಳಿಯಿಂದ ಹೋಗಿ ನೆಲೆಸಿದ ಕುಟುಂಬಗಳು ಮಲೆನಾಡಿನ ಧರ್ಮಕೇಂದ್ರಗಳಲ್ಲಿವೆ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅಲ್ಲಿ 2000ದಿಂದ ಸೇವೆ ಸಲ್ಲಿಸಿದ ಧರ್ಮಾಧ್ಯಕ್ಷ ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿಯ ಪ್ರಥಮ ಧರ್ಮಾಧ್ಯಕ್ಷರಾಗಿ ಘಟ್ಟ ಇಳಿದು ಬಂದರು.

ಪ್ರತಿವರ್ಷ ಮುಡಿಪುವಿಗೆ ಬಸ್ಸು ಮಾಡುವ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಿಗೆ ನಮ್ಮದೊಂದು ಸಲಹೆ. ಒಂದು ವರ್ಷ ಯುವಜನರನ್ನು ಕರೆದುಕೊಂಡು ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ, ಬಾಳೆಬರೆ ಘಟ್ಟ ಹತ್ತಿ ನಗರದ ಕೋಟೆಯನ್ನೂ ನೋಡಿ ಬನ್ನಿ. ಸಮಯವಿದ್ದರೆ ಮರುದಿನ ಇಕ್ಕೇರಿ, ಕೆಳದಿಗೂ ಹೋಗಬಹುದು. ಕವಲೇದುರ್ಗಕ್ಕೆ ಹತ್ತಲು ಮಾತ್ರ ಕಾಲು ಗಟ್ಟಿಯಿರಬೇಕು. ಮಳೆಗಾಲದಲ್ಲಿ ಹೊರಡುವುದು ಬೇಡ, ಹುಲಿಕಲ್ಲಿನ ಮಳೆ ಎಂಥದ್ದೆಂದು ತಿಳಿದವರಿಗೆ ಹೇಳಬೇಕಾಗಿಲ್ಲ.