ಕಡಲಿನ ಕ್ಷಮೆ ಬೇಡಿದ ಅಧಿಕಾರಿ

೧೮೩೯ನೆಯ ಇಸವಿಯ ಜೂನ್ ತಿಂಗಳಿನಲ್ಲಿ ದಕ್ಷಿಣ ಚೀನದ ಹೂಮೆನ್ ಎಂಬ ಕಡಲತಡಿಯ ಊರಿನಲ್ಲಿ ಮೂರು ವಿಶಾಲವಾದ ಹೊಂಡಗಳನ್ನು ತೋಡಿ, ನೀರು ತುಂಬಿಸಿ, ಉಪ್ಪು ಸುರಿದು, ಅಫೀಮಿನ ಉಂಡೆಗಳನ್ನು ಒಡೆದು ಹಾಕಿ, ಮೇಲೆ ಸುಣ್ಣವೆರಚಿ ಕಲಕಲಾಯಿತು. ಕರಗಿದ ರಾಡಿಯು ಇಳಿತದ ನೀರಿನೊಡನೆ ಸಮುದ್ರವನ್ನು ಸೇರಿತು. ೨೩ ದಿನಗಳಲ್ಲಿ ೨೦,೦೦೦ಕ್ಕೂ ಮಿಕ್ಕಿ ಪೆಟ್ಟಿಗೆಗಳು ಹೀಗೆ ನಾಶವಾದವು. ಕೆಲಸ ಆರಂಭವಾಗುವ ಮುನ್ನ ಅದರ ಮೇಲ್ವಿಚಾರಣೆಯ ಅಧಿಕಾರಿಯು ಸಮುದ್ರದೇವತೆಗೆ ಪೂಜೆ ಸಲ್ಲಿಸಿ, ತಾನು ನೀರಿಗೆ ವಿಷ ಬೆರೆಸಲಿರುವುದರಿಂದ ಜಲಚರಗಳನ್ನು ಕೆಲಕಾಲ ದೂರಕ್ಕೆ ಕಳುಹಿಸಬೇಕೆಂದು ಬೇಡಿಕೊಂಡನು. ಆತನೇ ಲಿನ್ ತ್ಸೆ-ಷೂ.

ಆತ ಹುಟ್ಟಿದ್ದು ೧೭೮೫ರಲ್ಲಿ, ಫೂಚೌ ಪಟ್ಟಣದಲ್ಲಿ. ತಂದೆ ಬಡ ಉಪಾಧ್ಯಾಯ. ೧೮೧೧ರಲ್ಲಿ ಚೀನದ ಅತ್ಯುಚ್ಚ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರಾಜಸೇವೆಗೆ ಸೇರಿದ ಲಿನ್, ಪ್ರವಾಹನಿಯಂತ್ರಣ, ನ್ಯಾಯವಿಚಾರಣೆ ಮೊದಲಾದ ಕಾರ್ಯಗಳಲ್ಲಿ ಲಂಚ ಮುಟ್ಟದವನೆಂದು ಹೆಸರಾದನು.

ಚೀನದಲ್ಲಿ ಅಫೀಮಿನ ಮೇಲೆ ನಿಷೇಧವಿದ್ದುದು ೧೭೨೯ರಿಂದ. ಆದರೂ ಅದು ಬರುತ್ತಲೇ ಇದ್ದಿತು. ಬರುತ್ತಿದ್ದುದು ನಮ್ಮ ನೆಲದಿಂದ. ಬಿಹಾರದ ರೈತ ಈಸ್ಟ್ ಇಂಡಿಯಾ ಕಂಪನಿಯ ಮುಂಗಡಕ್ಕೆ ಕಟ್ಟುಬಿದ್ದು ಗಸಗಸೆ ಬೆಳೆಯುವನು; ಪಾಟ್ನಾ, ಘಾಜೀಪುರಗಳಲ್ಲಿ ಅದು ಉಂಡೆಯಾಗುವುದು; ಕಲ್ಕತ್ತೆಯಲ್ಲಿ ಹರಾಜಾಗುವುದು. ಅಲ್ಲಿಗೆ ಕಂಪನಿ ಕೈ ತೊಳೆದುಕೊಳ್ಳುತ್ತಿದ್ದಿತು. ಮುಂದಿನ ಕಳ್ಳಸಾಗಣೆ ಖಾಸಗಿ ವರ್ತಕರ ಪಾಲು. ಮಾಳವದ ಅಫೀಮು ಮುಂಬಯಿಯಿಂದ ಹೊರಡುತ್ತಿದ್ದಿತು. ಆ ಲಾಭದಲ್ಲಿ ಭಾರತೀಯ ವರ್ತಕರಿಗೂ ಭಾಗವಿದ್ದಿತೆಂಬುದನ್ನು ನಾವು ಮರೆಮಾಚುವಂತಿಲ್ಲ. ಚೀನದ ಬೆಳ್ಳಿಯೆಲ್ಲ ಹೊರಗೆ ಹರಿಯತೊಡಗಿತು. ೧೮೩೬ರಲ್ಲಿ ಅಧಿಕಾರಿಯೊಬ್ಬ ವ್ಯಾಪಾರವನ್ನು ಸಕ್ರಮಗೊಳಿಸಿ ಸುಂಕ ಹಾಕಬಹುದೆಂದನು. ೧೮೩೮ರಲ್ಲಿ ಇನ್ನೊಬ್ಬ, ಸೇದುವವರಿಗೆ ಮರಣದಂಡನೆಯೇ ಮದ್ದೆಂದನು. ಲಿನ್ ಎರಡನೆಯ ಪಕ್ಷ ಹಿಡಿದರೂ, ಚಟ ಬಿಡಲು ಒಂದು ವರ್ಷದ ಅವಧಿಯನ್ನೂ ಔಷಧವನ್ನೂ ಕೊಡಬೇಕೆಂದು ಸೂಚಿಸಿದನು. ಚಕ್ರವರ್ತಿ ದಾವೊಗುವಾಂಗ್ ಆತನನ್ನೇ ವಿಶೇಷಾಧಿಕಾರಿಯಾಗಿ ಕ್ಯಾಂಟನ್ನಿಗೆ ಕಳುಹಿಸಿದನು.

೧೮೩೯ರ ಮಾರ್ಚಿಯಲ್ಲಿ ಅಲ್ಲಿಗೆ ಬಂದ ಲಿನ್, ದಾಸ್ತಾನನ್ನೆಲ್ಲ ಒಪ್ಪಿಸುವವರೆಗೆ ವಿದೇಶೀಯರು ತಮ್ಮ ಕೋಠಿಗಳಿಂದ ಹೊರಬೀಳದಂತೆ ಕಾವಲು ಹಾಕಿಸಿದನು. ಸೇವಕರು ಹೊರಟುಹೋದರು, ವರ್ತಕರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳಬೇಕಾಯಿತು. ಅಫೀಮನ್ನು ಮುಟ್ಟದ ಅಮೆರಿಕದ ವ್ಯಾಪಾರಿಗಳೂ ಆ ಬಂಧನದಲ್ಲಿದ್ದರು. ತಪ್ಪಿತಸ್ಥನನ್ನೂ ನಿರ್ದೋಷಿಯನ್ನೂ ಒಂದೇ ಬೇಲಿಯೊಳಗೆ ಕೂಡಿದ ಈ ಕ್ರಮವನ್ನು ಸಮರ್ಥಿಸುವುದು ನನಗಂತೂ ಕಷ್ಟ. ಸ್ವಂತ ಜನರಲ್ಲಿಯೂ ಆತ ಹೀಗೆಯೇ ನಡೆದುಕೊಂಡನು. ವಿದ್ಯಾಪೀಠಗಳ ನೂರಾರು ವಿದ್ಯಾರ್ಥಿಗಳನ್ನು ಪರೀಕ್ಷೆಯೆಂದು ಕರೆಸಿ, ಅಫೀಮು ಮಾರುವವರು ಯಾರೆಂಬ ಪ್ರಶ್ನೆ ಕೊಟ್ಟು, ಸಹಿಯಿಲ್ಲದೆ ಬರೆಯಿರೆಂದನು. ಪರೀಕ್ಷಾ ಮಂದಿರವನ್ನು ಚಾಡಿಯ ಚಾವಡಿಯಾಗಿಸಿದ್ದನ್ನು ಮೇಷ್ಟರ ವೃತ್ತಿಯವನಾದ ನಾನು ಮೆಚ್ಚಲಾರೆ; ಆದರೆ ಆ ಊರಿನ ಕಾವಲುಗಾರರೇ ಕಳ್ಳರೊಡನೆ ಸೇರಿದ್ದರೆಂಬುದನ್ನೂ ಮರೆಯಲಾರೆ.

ಬ್ರಿಟಿಷ್ ಪ್ರತಿನಿಧಿ ಚಾರ್ಲ್ಸ್ ಎಲಿಯಟ್ ಚತುರ. ಅಫೀಮನ್ನು ತನ್ನ ಸರ್ಕಾರದ ಹೆಸರಿನಲ್ಲಿ ವರ್ತಕರಿಂದ ಪಡೆದು, ಬೆಲೆ ಸಲ್ಲುವುದೆಂದು ಭರವಸೆಯಿತ್ತು, ಲಿನ್‌ನಿಗೆ ಒಪ್ಪಿಸಿದನು. ಕಳ್ಳಮಾಲು ಒಂದೇ ದಿನದಲ್ಲಿ ರಾಣಿಯ ಸ್ವತ್ತಾಯಿತು! ಅದನ್ನು ಕರಗಿಸಿದವನು ಸಾಮ್ರಾಜ್ಯದ ಆಸ್ತಿಯನ್ನು ಹಾಳುಮಾಡಿದಂತಾಯಿತು.

ಲಿನ್ ಈ ಸೂಕ್ಷ್ಮವನ್ನು ಅರಿಯಲಿಲ್ಲ. ಅಂತರರಾಷ್ಟ್ರೀಯ ನ್ಯಾಯದ ಪಾಶ್ಚಾತ್ಯ ಗ್ರಂಥವೊಂದರ ಭಾಗಗಳನ್ನು ಭಾಷಾಂತರ ಮಾಡಿಸಿ ಓದಿದ್ದನು. ವಿದೇಶಗಳ ಭೂಗೋಳವನ್ನು ಸಂಗ್ರಹಿಸಿದ್ದನು. ವಿಕ್ಟೋರಿಯಾ ರಾಣಿಗೆ ಬರೆದ ಪತ್ರದಲ್ಲಿ ಬಂಗಾಳ, ಪಾಟ್ನಾ, ಮಾಳವಗಳ ಹೆಸರೆತ್ತಿ, ಸ್ವದೇಶದಲ್ಲಿ ನಿಷೇಧಿಸಿದ ವಿಷವನ್ನು ಪರದೇಶಕ್ಕೆ ಕಳುಹಿಸುವುದು ಸರಿಯೇ ಎಂದು ಕೇಳಿದನು. ಇಂಗ್ಲೆಂಡಿನಲ್ಲಿ ಅಫೀಮಿಗೆ ನಿಷೇಧವಿರಲಿಲ್ಲ. ಅಲ್ಲಿ ಅದು ಅಂಗಡಿಗಳಲ್ಲಿ ಸಿಕ್ಕುತ್ತಿದ್ದ ಮದ್ದು. ಪತ್ರಕ್ಕೆ ಉತ್ತರ ಬರಲಿಲ್ಲ. ಬಂದುದು ಯುದ್ಧನೌಕೆಗಳು.

೧೮೪೦ರಲ್ಲಿ ನೌಕೆಗಳು ಉತ್ತರಕ್ಕೆ ನುಗ್ಗುತ್ತಲೇ ಚಕ್ರವರ್ತಿಯ ಕೋಪ ತನ್ನ ಅಧಿಕಾರಿಯ ಮೇಲೆಯೇ ತಿರುಗಿತು. ಲಿನ್ ಪದಚ್ಯುತನಾದನು, ಮರುವರ್ಷ ದೂರದ ಪಶ್ಚಿಮ ಗಡಿಯ ಈಲಿಗೆ ಗಡೀಪಾರಿನ ಆಜ್ಞೆಯಾಯಿತು. ದಾರಿಯಲ್ಲಿ ಹಳದಿ ನದಿ ಏರಿಯೊಡೆದು ಕೈಫೆಂಗ್ ನಗರವನ್ನು ಸುತ್ತಿಕೊಂಡಿದ್ದಿತು. ಅಪರಾಧಿಯೆನಿಸಿದವನನ್ನೇ ದುರಸ್ತಿಗೆ ನಿಲ್ಲಿಸಿದರು. ಏರಿ ಕಟ್ಟಿ ಮುಗಿದ ಮೇಲೆ ಶಿಕ್ಷೆ ತಪ್ಪಲಿಲ್ಲ. ಮತ್ತೆ ಪಶ್ಚಿಮಕ್ಕೆ ನಡೆದನು. ಆತ ಹಾದಿಯಲ್ಲಿದ್ದ ೧೮೪೨ರ ಆಗಸ್ಟಿನಲ್ಲಿ ನಾನ್‌ಕಿಂಗ್ ಒಪ್ಪಂದವಾಯಿತು. ಹಾಂಗ್‌ಕಾಂಗ್ ಕೈಬಿಟ್ಟಿತು, ೨ ಕೋಟಿ ೧೦ ಲಕ್ಷ ಬೆಳ್ಳಿ ಡಾಲರುಗಳ ದಂಡದಲ್ಲಿ ೬೦ ಲಕ್ಷ ಹೂಮೆನ್ನಿನಲ್ಲಿ ಕರಗಿದ ಅಫೀಮಿನ ಬೆಲೆ.

ಈಲಿಯಲ್ಲಿ ಲಿನ್ ಕೈಕಟ್ಟಿ ಕೂರಲಿಲ್ಲ. ಕಾಲುವೆ ತೆಗೆಸಿದನು, ಬಂಜರು ಭೂಮಿಯನ್ನು ಅಳೆಸಿ ಸಾಗುವಳಿಗೆ ತಂದನು. ೧೮೪೫ರಲ್ಲಿ ಕ್ಷಮೆ ದೊರೆತು, ಮತ್ತೆ ದೊಡ್ಡ ಪದವಿಗಳು ಬಂದವು. ೧೮೫೦ರಲ್ಲಿ ಗುವಾಂಗ್ಸಿಯ ದಂಗೆಯನ್ನಡಗಿಸಲು ಕರೆ ಬಂದಾಗ ರೋಗಿಯಾಗಿದ್ದರೂ ಹೊರಟು, ದಾರಿಯಲ್ಲಿಯೇ ತೀರಿಕೊಂಡನು. ಎಂಟು ವರ್ಷಗಳ ತರುವಾಯ, ಮತ್ತೊಂದು ಯುದ್ಧದ ನಡುವೆ, ಚೀನದ ಸುಂಕದ ಪಟ್ಟಿಯಲ್ಲಿ ಅಫೀಮು ಸೇರಿಕೊಂಡಿತು.